ಆನೆಗೊಂದಿ–ಸಾಣಾಪುರ ಭಾಗದ ಹೋಂಸ್ಟೇಗಳಿಗೆ ಪರಿಸರಸ್ನೇಹಿ ವ್ಯವಸ್ಥೆ: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಕೊಪ್ಪಳ ಜಿಲ್ಲೆಯ ಆನೆಗೊಂದಿ, ಸಾಣಾಪುರ, ಹನುಮನಹಳ್ಳಿಗಳಲ್ಲಿ ಮನೆಯ ನಾಲ್ಕು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟವರಿಂದ ಹಿಡಿದು, ಗಂಗಾವತಿಯ ಲಾಡ್ಜ್ ಮಾಲೀಕರವರೆಗೆ ಹಲವರು ಇಂದು ಕೇಳುವ ಪ್ರಶ್ನೆ ಒಂದೇ: ಪರಿಸರಕ್ಕೆ ಹೊರೆಯಾಗದಂತೆ ವ್ಯವಹಾರ ನಡೆಸಬೇಕೆಂದರೆ ಕೈಯಲ್ಲಿರುವ ಅಲ್ಪ ಹಣವನ್ನು ಮೊದಲು ಎಲ್ಲಿ ಹಾಕಬೇಕು? ಸೋಲಾರ್ ಮಾರುವವರು ಸೋಲಾರ್ ಎನ್ನುತ್ತಾರೆ, ನೀರಿನ ಯಂತ್ರ ಮಾರುವವರು ಯಂತ್ರ ಎನ್ನುತ್ತಾರೆ, ಪ್ರಮಾಣಪತ್ರ ಕೊಡಿಸುವವರು ಫಲಕ ಮೊದಲು ಎನ್ನುತ್ತಾರೆ. ಈ ಬರಹ ಆ ಆಯ್ಕೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು, ಈ ನೆಲ, ಈ ನೀರು, ಈ ಬಿಸಿಲಿಗೆ ಯಾವುದು ಹೊಂದುತ್ತದೆ ಎಂದು ನೋಡುವ ಪ್ರಯತ್ನ. ಲೆಕ್ಕ ಸುಲಭವಾಗಲೆಂದು ಉದ್ದಕ್ಕೂ ಆರು ಕೋಣೆ, ಹನ್ನೆರಡು ಅತಿಥಿಗಳ ಮನೆಯೊಂದನ್ನು ಅಳತೆಯಾಗಿ ಇಟ್ಟುಕೊಂಡಿದ್ದೇನೆ.

ಯಾವ ಆಯ್ಕೆಯೇ ಆಗಲಿ, ಅದಕ್ಕೆ ಎರಡು ಪ್ರಶ್ನೆ ಹಾಕಬೇಕು ಎಂಬುದು ನನ್ನ ನಿಲುವು. ಮನೆಯಿಂದ ಹೊರಗೆ ಹೋದದ್ದು ಕೊನೆಗೆ ಎಲ್ಲಿ ಸೇರುತ್ತದೆ ಎಂಬುದು ಮೊದಲನೆಯದು. ಕೋಣೆಗಳೆಲ್ಲ ಖಾಲಿಯಿರುವ ಮೇ ತಿಂಗಳಲ್ಲೂ, ಹನುಮಮಾಲೆ ವಿಸರ್ಜನೆಗೆ ಅಂಜನಾದ್ರಿಗೆ ಜನಸಾಗರ ಹರಿದು ಬರುವ ಡಿಸೆಂಬರಿನಲ್ಲೂ ಅದನ್ನು ನಡೆಸಿಕೊಂಡು ಹೋಗುವವರು ಯಾರು ಎಂಬುದು ಎರಡನೆಯದು. ಈ ಎರಡಕ್ಕೂ ನೇರ ಉತ್ತರ ಸಿಗದ ವ್ಯವಸ್ಥೆ ಎಷ್ಟೇ ಆಧುನಿಕವಾಗಿದ್ದರೂ ಎರಡನೇ ವರ್ಷದಲ್ಲಿ ಮೂಲೆ ಸೇರುತ್ತದೆ.

ಕಾಮಗಾರಿಗೆ ಮೊದಲು ಅನುಮತಿ

ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇದ್ದವು. ನದಿಯ ಈಚೆ ದಡದ ಆನೆಗೊಂದಿಯೂ 2002ರ ಕಾಯ್ದೆಯಡಿ ರಚನೆಯಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಹೊಸ ಟ್ಯಾಂಕ್ ಕಟ್ಟುವುದು, ಮಾಳಿಗೆಯ ಮೇಲೆ ಸೋಲಾರ್ ಫಲಕ ನಿಲ್ಲಿಸುವುದು ಮುಂತಾದ ಕೆಲಸಗಳಿಗೂ ಪ್ರಾಧಿಕಾರವನ್ನು ಕೇಳಿಯೇ ಮುಂದುವರಿಯಬೇಕು. ಕೇಂದ್ರದ ಸಂರಕ್ಷಿತ ಸ್ಮಾರಕ ಹತ್ತಿರದಲ್ಲಿದ್ದರೆ ಅದರ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ನಿಯಮವೂ ಇದೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ತೆರವುಗೊಳಿಸಿದ್ದು ಈ ಭಾಗದ ಎಲ್ಲರ ನೆನಪಿನಲ್ಲಿದೆ. ಉದ್ದೇಶ ಪರಿಸರಸ್ನೇಹಿಯಾದದ್ದೆಂಬ ಕಾರಣಕ್ಕೆ ಅನುಮತಿಯಿಲ್ಲದ ಕಾಮಗಾರಿ ಸಕ್ರಮವಾಗುವುದಿಲ್ಲ.

ಶೌಚದ ನೀರು: ಎಲ್ಲಕ್ಕಿಂತ ಮೊದಲು

ಅತಿಥಿಯ ಕಣ್ಣಿಗೆ ಬೀಳದಿರುವುದರಿಂದಲೇ ಮಾಲೀಕರು ಕೊನೆಗೆ ಉಳಿಸಿಕೊಳ್ಳುವ, ಆದರೆ ತುಂಗಭದ್ರೆಗೆ ಅತಿ ಹೆಚ್ಚು ಪೆಟ್ಟು ಕೊಡುವ ವಿಷಯವಿದು. ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ನಮ್ಮ ಹೋಂಸ್ಟೇಗಳ ಚರಂಡಿಗಳು ಇಳಿದು ಹೋಗುವುದು ಇದೇ ನೀರಿಗೆ. ನೀರುನಾಯಿ ಮೀನನ್ನು ನಂಬಿ ಬದುಕುವ ಪ್ರಾಣಿ. ಅದೇ ದಡದಲ್ಲಿ ಊರಿನವರು ಬಟ್ಟೆ ಒಗೆಯುತ್ತಾರೆ, ಭಕ್ತರು ಸ್ನಾನ ಮಾಡುತ್ತಾರೆ.

ಇಲ್ಲಿರುವ ಆಯ್ಕೆಗಳು ನಾಲ್ಕು: ಅವಳಿ ಗುಂಡಿ, ಸೆಪ್ಟಿಕ್ ಟ್ಯಾಂಕಿನ ಜೊತೆ ಇಂಗುಗುಂಡಿ, ಸೆಪ್ಟಿಕ್ ಟ್ಯಾಂಕಿನ ಜೊತೆ ಗಿಡ ನೆಟ್ಟ ಜಲ್ಲಿ ಹಾಸು, ಮತ್ತು ವಿದ್ಯುತ್ತಿನಿಂದ ನಡೆಯುವ ಸಿದ್ಧ ಸಂಸ್ಕರಣಾ ಘಟಕ. ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸುವುದು ನಮ್ಮ ನೆಲ. ಈ ಭಾಗದಲ್ಲಿ ಹಲವೆಡೆ ಸೊಂಟದಾಳ ಅಗೆಯುವಷ್ಟರಲ್ಲಿ ಹಾರೆ ಕಲ್ಲಿಗೆ ತಾಗುತ್ತದೆ. ಅಂಥಲ್ಲಿ ಇಂಗುಗುಂಡಿ ತೋಡಿಸಿದರೆ ನೀರು ಇಂಗದೆ ತುಂಬಿ ನಿಲ್ಲುತ್ತದೆ. ಮಾಲೀಕರು ಬೇರೆ ದಾರಿ ಕಾಣದೆ ಅದಕ್ಕೊಂದು ಪೈಪು ಜೋಡಿಸಿ ಚರಂಡಿಗೆ ಬಿಡುತ್ತಾರೆ. ಕಾಗದದಲ್ಲಿ ಅದು ಸೆಪ್ಟಿಕ್ ವ್ಯವಸ್ಥೆ. ನಿಜದಲ್ಲಿ ಶೌಚದ ನೀರು ನದಿಗೆ ಹೋಗುತ್ತಿರುತ್ತದೆ. ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗಾಣುಗಳು ಅದರಲ್ಲಿ ಉಳಿದೇ ಇರುತ್ತವೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಹಣ ಖರ್ಚು ಮಾಡುವ ಮುನ್ನ ನೆಲವನ್ನು ಪರೀಕ್ಷಿಸಬೇಕು. ಇದಕ್ಕೆ ದುಬಾರಿ ಉಪಕರಣ ಬೇಡ. ಇಂಗುಗುಂಡಿ ಎಷ್ಟು ಆಳಕ್ಕೆ ಬರಬೇಕೋ ಅಷ್ಟು ಆಳದಲ್ಲಿ ಒಂದು ಅಡಿ ಅಗಲದ ಸಣ್ಣ ಕುಣಿ ತೆಗೆದು, ತಳಕ್ಕೆ ಎರಡು ಬೆರಳು ದಪ್ಪ ಜಲ್ಲಿ ಹರಡಿ, ಸಂಜೆ ನೀರು ತುಂಬಿಸಿ ರಾತ್ರಿಯಿಡೀ ಬಿಡಬೇಕು. ಮರುದಿನ ಬೆಳಿಗ್ಗೆ ಜಲ್ಲಿಯ ಮೇಲೆ ಒಂದು ಗೇಣಿನಷ್ಟು ನೀರು ನಿಲ್ಲಿಸಿ, ಗುರುತು ಹಾಕಿದ ಕೋಲನ್ನು ಇಳಿಬಿಟ್ಟು, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಅಳೆಯಬೇಕು. 2.5 ಸೆಂಟಿಮೀಟರ್ ಇಳಿಯಲು ಅರ್ಧ ಗಂಟೆಯೊಳಗೆ ಸಾಕಾದರೆ ಇಂಗುಗುಂಡಿ ನಡೆಯುತ್ತದೆ. ಒಂದು ಗಂಟೆಗೂ ಹೆಚ್ಚು ಹಿಡಿದರೆ ಆ ಆಲೋಚನೆಯನ್ನೇ ಬಿಡಬೇಕು. ಕೆಲವೊಮ್ಮೆ ಇದಕ್ಕೆ ತೀರ ವಿರುದ್ಧವಾಗಿ, ಸುರಿದ ನೀರು ಕ್ಷಣದಲ್ಲಿ ಮಾಯವಾಗುತ್ತದೆ. ಅದನ್ನು ಕಂಡು ಸಂತೋಷಪಡಬಾರದು. ಬಂಡೆಯ ಬಿರುಕಿನಲ್ಲಿ ಇಳಿದ ನೀರು ಸೋಸದೆಯೇ ಪಕ್ಕದ ಮನೆಯ ಬೋರ್‌ವೆಲ್ ಸೇರಬಹುದು.

ಕಪ್ಪುಮಣ್ಣಿನಲ್ಲಿಯೂ ನೀರು ನಿಧಾನವಾಗಿ ಇಂಗುವುದರಿಂದ ಗಂಗಾವತಿ, ಕಾರಟಗಿ ಕಡೆಯ ಗದ್ದೆಬಯಲಿನ ಮನೆಗಳೂ ಈ ಪರೀಕ್ಷೆ ಮಾಡಿಸಲೇಬೇಕು. ಕಾಲುವೆ ಹರಿಯುವ ತಿಂಗಳುಗಳಲ್ಲಿ ಅಲ್ಲಿ ಅಂತರ್ಜಲ ಮೇಲೆ ಬಂದಿರುತ್ತದೆ. ಬೇಸಿಗೆಯಲ್ಲಿ ಮಾಡಿದ ಪರೀಕ್ಷೆಯೊಂದನ್ನೇ ನಂಬಿ ಗುಂಡಿ ತೆಗೆದರೆ ಮಳೆಗಾಲದಲ್ಲಿ ಅದು ಒಳಗಿನಿಂದಲೇ ತುಂಬುತ್ತದೆ.

ನೀರು ಚೆನ್ನಾಗಿ ಇಂಗುವ ಮಣ್ಣು, ಎರಡೇ ಕೋಣೆ, ಬಾವಿ ದೂರದಲ್ಲಿದೆ ಎಂದಾದರೆ ಅವಳಿ ಗುಂಡಿಯಷ್ಟು ಸರಳವಾದದ್ದು ಬೇರಿಲ್ಲ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೂವರೆ ವರ್ಷದಷ್ಟು ಮುಚ್ಚಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ. ನಮ್ಮ ಆರು ಕೋಣೆಯ ಮನೆಗೆ ಇದು ಸಾಲದು. ಅಲ್ಲಿ ನನ್ನ ಸಲಹೆ ಸೆಪ್ಟಿಕ್ ಟ್ಯಾಂಕ್ ಮತ್ತು ಗಿಡ ನೆಟ್ಟ ಜಲ್ಲಿ ಹಾಸು. ನೀರು ಸೋರದಂತೆ ತಳ ಕಟ್ಟಿದ ಉದ್ದನೆಯ ತೊಟ್ಟಿಯಲ್ಲಿ ಜಲ್ಲಿ ತುಂಬಿ, ಕ್ಯಾನಾ ಹೂವಿನ ಗಿಡ ಇಲ್ಲವೇ ಜೊಂಡು ನೆಟ್ಟರೆ, ಟ್ಯಾಂಕಿನಿಂದ ಬಂದ ನೀರು ಜಲ್ಲಿಯ ಕೆಳಗೆ ಕಾಣದಂತೆ ಹರಿಯುತ್ತಾ ಶುದ್ಧವಾಗುತ್ತಾ ಹೋಗುತ್ತದೆ. ವಿದ್ಯುತ್ತು ಬೇಡ; ಅತಿಥಿಗಳಿಲ್ಲದ ತಿಂಗಳಿನಲ್ಲಿ ಗಿಡ ಒಣಗದಷ್ಟು ನೀರು ಬಿಟ್ಟರೆ ಸಾಕು; ಆಗಾಗ ಒಣಗಿದ ಎಲೆ ಕತ್ತರಿಸುವುದು ಬಿಟ್ಟರೆ ದಿನನಿತ್ಯದ ಕೆಲಸವಿಲ್ಲ. ಇದಕ್ಕೆ ಜಾಗ ಬೇಕು ಎಂಬುದು ದೊಡ್ಡ ತೊಡಕು, ಅಳತೆಯನ್ನು ತಿಳಿದ ಎಂಜಿನಿಯರರೇ ಹಾಕಿಕೊಡಬೇಕು ಎಂಬುದು ಇನ್ನೊಂದು. ಹೊರಬಂದ ನೀರನ್ನು ಬಾಳೆ, ತೆಂಗಿನ ಬುಡಕ್ಕೆ ಬಿಡಬಹುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬಿಡಬಾರದು.

ಸಿದ್ಧ ಸಂಸ್ಕರಣಾ ಘಟಕವನ್ನು ದೊಡ್ಡ ಹೋಟೆಲುಗಳಿಗೆ ಬಿಡುವುದು ಒಳ್ಳೆಯದು. ಅದರೊಳಗಿನ ಸೂಕ್ಷ್ಮಜೀವಿಗಳಿಗೆ ದಿನವೂ ಗಾಳಿ ಬೇಕು, ದಿನವೂ ಆಹಾರ ಬೇಕು. ಕರೆಂಟು ದೀರ್ಘಕಾಲ ಹೋದರೂ, ಎರಡು ತಿಂಗಳು ಕೋಣೆಗಳು ಖಾಲಿ ಬಿದ್ದರೂ ಅವು ಸಾಯುತ್ತವೆ. ವರ್ಷವಿಡೀ ಅತಿಥಿಗಳಿರುವ, ಯಂತ್ರ ನೋಡಿಕೊಳ್ಳಲು ಆಳಿರುವ ಬಳ್ಳಾರಿ, ರಾಯಚೂರು ನಗರಗಳ ಹೋಟೆಲಿಗೆ ಅದು ತಕ್ಕುದು.

ಯಾವ ವ್ಯವಸ್ಥೆಯಾದರೂ ಸ್ನಾನದ ನೀರನ್ನು ಶೌಚದ ಟ್ಯಾಂಕಿಗೆ ಸೇರಿಸದೆ ಬೇರೆ ಮಾಡಿದರೆ ಅರ್ಧ ಗೆದ್ದಂತೆ. ಬಚ್ಚಲು ನೀರು ಬಾಳೆ ಮಡಿಗೆ ಹೋಗಲಿ. ಅಡುಗೆಮನೆಯ ಜಿಡ್ಡಿನ ನೀರು ಜಿಡ್ಡು ತಡೆಯುವ ಸಣ್ಣ ತೊಟ್ಟಿ ದಾಟಿ ಹೋಗಲಿ. ಸಂಡಾಸು ತೊಳೆಯಲು ಆ್ಯಸಿಡ್, ಬ್ಲೀಚಿಂಗ್ ಪುಡಿ ಧಾರಾಳವಾಗಿ ಸುರಿಯುವ ರೂಢಿಯನ್ನು ನಿಲ್ಲಿಸಬೇಕು. ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಜೀವಾಣುಗಳನ್ನೇ ಅವು ಕೊಲ್ಲುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು, ಅದೂ ಹೀರುವ ವಾಹನದಿಂದಲೇ. ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಕಾಯ್ದೆ ಇಲ್ಲದಿದ್ದರೂ ಯಾರೂ ಮಾಡಬಾರದ ಕೆಲಸ. ವಾಹನದವರು ಹೂಳನ್ನು ಎಲ್ಲಿ ಸುರಿಯುತ್ತಾರೆ ಎಂದು ಕೇಳುವ ಹೊಣೆಯೂ ಮಾಲೀಕರದೇ.

ಬಿಸಿನೀರು

ನಮ್ಮ ಮನೆಯ ಹನ್ನೆರಡು ಅತಿಥಿಗಳಿಗೆ ತಲಾ 25 ಲೀಟರಿನಂತೆ 300 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 7 ಯೂನಿಟ್ ವಿದ್ಯುತ್ ಬೇಕು, ತಿಂಗಳಿಗೆ 210 ಯೂನಿಟ್. ಬಕೆಟ್ ಬಿಟ್ಟು ಶವರ್ ಹಾಕಿದರೆ ನೀರೂ ವಿದ್ಯುತ್ತೂ ಇನ್ನಷ್ಟು ಏರುತ್ತವೆ. ವರ್ಷದ ಬಹುಪಾಲು ದಿನ ಬಿಸಿಲು ಸುಡುವ ನಾಡಿನಲ್ಲಿ ಈ ಕೆಲಸವನ್ನು ಗೀಸರಿಗೆ ಒಪ್ಪಿಸುವುದು ಅನಗತ್ಯ ಎಂದೇ ನನ್ನ ಅಭಿಪ್ರಾಯ. ಗ್ಯಾಸ್ ಗೀಸರನ್ನು ಗಾಳಿಯಾಡದ ಬಚ್ಚಲಿನಲ್ಲಿ ಇಡುವುದು ಪ್ರಾಣಾಪಾಯ, ಹಾಗಾಗಿ ಅದನ್ನು ಹೋಲಿಕೆಗೇ ತೆಗೆದುಕೊಂಡಿಲ್ಲ.

ಸೋಲಾರ್ ಹೀಟರಿನಲ್ಲಿ ಎರಡು ಬಗೆ: ತಾಮ್ರದ ಕೊಳವೆಗಳ ಚಪ್ಪಟೆ ಫಲಕದ್ದು ಮತ್ತು ಗಾಜಿನ ಕೊಳವೆಗಳದ್ದು. ಚಪ್ಪಟೆ ಫಲಕ ಗಟ್ಟಿಮುಟ್ಟು, ಮಂಗ ಹಾರಿದರೂ ತಡೆದೀತು, ಬೆಲೆ ಹೆಚ್ಚು. ಗಾಜಿನ ಕೊಳವೆ ಅಗ್ಗ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಆದರೆ ಇಲ್ಲಿ ನಿರ್ಣಾಯಕವಾಗುವುದು ನೀರಿನ ಗಡಸುತನ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ಒಳಮೈಗೆ ಬೆಳ್ಳಗೆ ಹಕ್ಕಳೆ ಕಟ್ಟುವುದನ್ನು ಎಲ್ಲ ಮನೆಯವರೂ ಬಲ್ಲರು. ಅದೇ ಹಕ್ಕಳೆ ತಾಮ್ರದ ಸಣ್ಣ ಕೊಳವೆಯಲ್ಲಿ ಕಟ್ಟಿದರೆ ನೀರಿನ ಹರಿವೇ ನಿಲ್ಲುತ್ತದೆ. ಗಾಜಿನ ಕೊಳವೆಯಲ್ಲಿಯೂ ಕಟ್ಟುತ್ತದೆ, ಆದರೆ ಬಾಯಿ ಅಗಲವಿರುವುದರಿಂದ ಬಿಚ್ಚಿ ತೊಳೆಯಬಹುದು. ಆದ್ದರಿಂದ ಬೋರ್‌ವೆಲ್ ನೀರಿನ ಮನೆಗೆ ಗಾಜಿನ ಕೊಳವೆ, ನದಿಯ ಸಿಹಿನೀರಿನ ಮನೆಗೆ, ಅದರಲ್ಲೂ ಕೋತಿ ಕಾಟವಿರುವಲ್ಲಿ, ಚಪ್ಪಟೆ ಫಲಕ ಎಂಬ ಹಂಚಿಕೆ ಸರಿಹೋಗುತ್ತದೆ.

ಸೋಲಾರ್ ಹಾಕಿಸಿದ ಮೇಲೂ ಬಿಲ್ಲು ಇಳಿಯಲಿಲ್ಲ ಎನ್ನುವವರು ಎರಡು ಕಡೆ ನೋಡಬೇಕು. ಮೋಡದ ದಿನಕ್ಕೆಂದು ಟ್ಯಾಂಕಿನಲ್ಲಿ ವಿದ್ಯುತ್ ಕಾಯಿಲ್ ಇಟ್ಟಿರುತ್ತಾರೆ. ಅದರ ಸ್ವಿಚ್ ಹಗಲೂ ರಾತ್ರಿ ಚಾಲೂ ಇದ್ದರೆ ಸೂರ್ಯನಿಗೆ ಕೆಲಸವೇ ಉಳಿಯುವುದಿಲ್ಲ. ಅದಕ್ಕೆ ಟೈಮರ್ ಹಾಕಿ, ಬೆಳಗಿನ ಜಾವ ಮಾತ್ರ ಅಗತ್ಯವಿದ್ದರೆ ಓಡುವಂತೆ ಮಾಡಬೇಕು. ಇನ್ನೊಂದು, ಪೈಪಿನ ಉದ್ದ. 20 ಮಿಲಿಮೀಟರ್ ಒಳವ್ಯಾಸದ ಪೈಪು 20 ಮೀಟರ್ ಉದ್ದವಿದ್ದರೆ ಅದರಲ್ಲಿ ಆರು ಲೀಟರಿಗೂ ಹೆಚ್ಚು ನೀರು ನಿಂತಿರುತ್ತದೆ. ಬಿಸಿನೀರು ಬರುವವರೆಗೆ ಅಷ್ಟನ್ನೂ ಪ್ರತಿ ಅತಿಥಿ ಬಚ್ಚಲಿಗೆ ಬಿಡುತ್ತಾನೆ. ಟ್ಯಾಂಕನ್ನು ಕೋಣೆಗಳ ಸಮೀಪ ಇಡುವುದು, ಪೈಪಿಗೆ ಶಾಖ ತಡೆಯುವ ಹೊದಿಕೆ ಸುತ್ತುವುದು ಹೊಸ ಯಂತ್ರಕ್ಕಿಂತ ಹೆಚ್ಚು ಫಲ ಕೊಡುತ್ತವೆ.

ಸೌದೆಯ ಹಂಡೆಯನ್ನು ಹಲವರು ಹಿಂದುಳಿದದ್ದೆಂದು ತಳ್ಳಿಹಾಕುತ್ತಾರೆ. ನಾನು ಹಾಗೆ ಮಾಡಲಾರೆ. ನಮ್ಮ ಸುತ್ತಮುತ್ತ ಕೆರೆಯಂಗಳ, ಹಳ್ಳದ ದಂಡೆಗಳನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿ ಹೊರಗಿನಿಂದ ಬಂದ ಗಿಡ, ಕಡಿದಷ್ಟೂ ಚಿಗುರುತ್ತದೆ. ಅದರ ಸೌದೆ ಸುಡುವುದರಿಂದ ಕಾಡಿಗೆ ನಷ್ಟವಿಲ್ಲ. ಹೊಗೆಕೊಳವೆ ಸರಿಯಾಗಿರುವ, ಅಡುಗೆಯವರ ಉಸಿರಿಗೆ ಹೊಗೆ ತಾಗದ ಜಾಗದಲ್ಲಿರುವ ಹಂಡೆ, ಸೋಲಾರಿಗೆ ಮೋಡದ ದಿನದ ಜೊತೆಗಾರನಾಗಿ ಇರಬಹುದು. ಬೆಟ್ಟದ ಕುರುಚಲು ಕಾಡಿನ ಸೌದೆಯನ್ನು ಮಾತ್ರ ಕೊಳ್ಳಬಾರದು. ಆ ಬಂಡೆಗಾಡು ಕರಡಿ, ಚಿರತೆಗಳ ಮನೆ. ಇಪ್ಪತ್ತೈದು ಮೂವತ್ತು ಕೋಣೆಗಳಿರುವ ಹೋಟೆಲಿನವರು ಸೌದೆಯ ಬದಲು, ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರು ಕಾಯಿಸುವ ಹೀಟ್ ಪಂಪ್ ವಿಚಾರಿಸಬಹುದು. ಗೀಸರ್ ತಿನ್ನುವ ವಿದ್ಯುತ್ತಿನ ಮೂರನೇ ಒಂದು ಭಾಗದಷ್ಟರಲ್ಲಿ ಅದು ಅದೇ ಕೆಲಸ ಮಾಡುತ್ತದೆ.

ತಂಪು

ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಾಡಿನಲ್ಲಿ ಎ.ಸಿ. ಬೇಡವೇ ಬೇಡ ಎನ್ನುವುದು ಸುಲಭ; ಅತಿಥಿಯನ್ನು ಉಳಿಸಿಕೊಳ್ಳುವುದು ಕಷ್ಟ. ಆದರೆ ಎ.ಸಿ.ಯ ಮೊದಲು ಮಾಳಿಗೆಯನ್ನು ನೋಡಬೇಕು. ಕಲ್ಲುಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿಗಳಿರುವ ಆನೆಗೊಂದಿಯ ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಅತಿಥಿಗಳಿಗೆ ಕೊಟ್ಟ ಉದಾಹರಣೆಗಳು ಊರಲ್ಲೇ ಇವೆ. ಅಂಥ ಮನೆ ನಿಮ್ಮದಾಗಿದ್ದರೆ ಅದನ್ನು ಕೆಡವಿ ಕಾಂಕ್ರೀಟು ಕಟ್ಟುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಮಾಳಿಗೆಗೆ ವರ್ಷಕ್ಕೊಮ್ಮೆ ಮಣ್ಣು ಹಾಕಿಸಿ ಗಟ್ಟಿ ಮಾಡಿಸುವ ಖರ್ಚು ಇದ್ದೇ ಇದೆ, ಅದನ್ನು ಬಲ್ಲ ಕೆಲಸಗಾರರು ಕಡಿಮೆಯಾಗುತ್ತಿದ್ದಾರೆ ಎಂಬುದೂ ನಿಜ. ಆದರೂ ಹೊರಗೆ ಬೆಂಕಿಯಂಥ ಬಿಸಿಲಿರುವಾಗ ಪಡಸಾಲೆಗೆ ಕಾಲಿಟ್ಟ ಅತಿಥಿಗೆ ಅದರ ಬೆಲೆ ಯಾರೂ ಹೇಳಬೇಕಾಗಿಲ್ಲ.

ಆಗಲೇ ಕಾಂಕ್ರೀಟು ಕಟ್ಟಿದವರು ಬೇಸಿಗೆಯ ಮೊದಲು ಮಾಳಿಗೆಗೆ ಸುಣ್ಣ ಹೊಡೆಸುವುದು, ಪಡುವಣ ಗೋಡೆಗೆ ಚಪ್ಪರದ ನೆರಳು ಕೊಡುವುದು, ಬೇವು ನೆಡುವುದು ಇವುಗಳಿಂದ ಶುರು ಮಾಡಬಹುದು. ಆಮೇಲೆ ಕೂಲರ್. ಒಣ ಗಾಳಿಯ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. 200 ವ್ಯಾಟಿನ ಆಸುಪಾಸಿನಲ್ಲಿ ಕೋಣೆ ತಂಪಾಗುತ್ತದೆ. ಗದ್ದೆಗಳಿಗೆ ನೀರು ನಿಂತ ದಿನಗಳಲ್ಲಿ ಗಂಗಾವತಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಅದೇ ಕೂಲರ್ ಅಂಟು ಬೆವರು ತರಿಸುತ್ತದೆ. ಕುಡಿಯುವ ನೀರಿಗೇ ಕಷ್ಟವಿರುವ ಊರಿನಲ್ಲಿ ಕೂಲರ್ ಗಂಟೆಗೆ ಹಲವು ಲೀಟರ್ ನೀರು ಕುಡಿಯುತ್ತದೆ ಎಂಬುದನ್ನೂ ತೂಗಿ ನೋಡಬೇಕು. ಎ.ಸಿ. ಅನಿವಾರ್ಯವಾದರೆ ಎರಡು ಕೋಣೆಗೆ ಮಾತ್ರ, ಇನ್ವರ್ಟರ್ ಬಗೆಯದು, 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕುವುದು. ಹಳೆಯ ಫ್ಯಾನ್ 75 ವ್ಯಾಟ್ ಎಳೆದರೆ ಕಡಿಮೆ ವಿದ್ಯುತ್ ಎಳೆಯುವ ಮೋಟರಿನ ಬಿ.ಎಲ್.ಡಿ.ಸಿ. ಫ್ಯಾನ್ 30–35 ವ್ಯಾಟಿನಲ್ಲಿ ತಿರುಗುತ್ತದೆ. ದಿನವಿಡೀ ತಿರುಗುವ ನಮ್ಮ ಊರಿನಲ್ಲಿ ಇದು ಬೇಗ ಹಣ ತೀರಿಸುವ ಬದಲಾವಣೆ.

ಮಾಳಿಗೆಯ ಸೋಲಾರ್ ವಿದ್ಯುತ್ ಇವೆಲ್ಲದರ ನಂತರದ್ದು. ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಬಳಕೆ ಇಳಿಸದೆ ಫಲಕ ಹಾಕಿಸಿದರೆ ವ್ಯರ್ಥವಾಗುವ ವಿದ್ಯುತ್ತಿಗಾಗಿ ಬಂಡವಾಳ ಹೂಡಿದಂತಾಗುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ. ನಿಮ್ಮ ಮೀಟರ್ ಯಾವ ವರ್ಗದಲ್ಲಿದೆ ಎಂದು ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಕುಡಿಯುವ ನೀರು

ಹನ್ನೆರಡು ಅತಿಥಿಗಳಿಗೆ ದಿನಕ್ಕೆ ತಲಾ ಎರಡು ಬಾಟಲಿ ಕೊಟ್ಟರೆ ತಿಂಗಳಿಗೆ 720 ಖಾಲಿ ಬಾಟಲಿಗಳು. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿವೆ. ನೀರಿನ ಬಾಟಲಿ ಇಲ್ಲ. ಆದ್ದರಿಂದ ಬಾಟಲಿಯನ್ನು ಬಿಡುವುದು ಮಾಲೀಕರ ಮನಸ್ಸಿಗೇ ಬಿಟ್ಟ ವಿಷಯ.

ಬದಲಿ ವ್ಯವಸ್ಥೆ ಯಾವುದೆಂಬುದನ್ನು ನೀರಿನ ಪರೀಕ್ಷೆಯೇ ಹೇಳಬೇಕು. ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಸೂಕ್ತ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹ್ಯ ಎಂಬುದು ಭಾರತೀಯ ಮಾನಕ. ಫ್ಲೋರೈಡ್ ಹೆಚ್ಚಿದ್ದರೆ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯು.ವಿ. ಯಂತ್ರದಿಂದ ಪ್ರಯೋಜನವಿಲ್ಲ, ಕಾಯಿಸಿದರೂ ಅದು ಹೋಗುವುದಿಲ್ಲ, ಆರ್.ಒ. ಬೇಕಾಗುತ್ತದೆ. ಆದರೆ ಮನೆಯ ಆರ್.ಒ. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ತಳ್ಳುತ್ತದೆ. ಆ ನೀರಿನಲ್ಲಿ ಲವಣ ಸಾಂದ್ರವಾಗಿರುವುದರಿಂದ ನೆಲ ಒರೆಸಲು, ಸಂಡಾಸಿಗೆ ಬಳಸಬಹುದು. ಗಿಡಗಳಿಗೆ ನಿತ್ಯ ಸುರಿದರೆ ಮಣ್ಣು ಸವಳಾಗುತ್ತದೆ. ಗ್ರಾಮದಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಚೆನ್ನಾಗಿ ನಡೆಯುತ್ತಿದ್ದರೆ, ನಾಣ್ಯ ಹಾಕಿ ಕ್ಯಾನಿನಲ್ಲಿ ತರುವುದೇ ಸ್ವಂತ ಯಂತ್ರಕ್ಕಿಂತ ಮೇಲು; ಒಂದೇ ಯಂತ್ರ ಊರಿಗೆಲ್ಲ ಸಾಕಾಗುತ್ತದೆ. ನದಿಯ ನೀರು ನಲ್ಲಿಯಲ್ಲಿ ಬರುವ ಊರಿನಲ್ಲಿ ಫ್ಲೋರೈಡಿನ ತೊಂದರೆ ಇರದಿದ್ದರೆ, ಸೋಸಿ ಯು.ವಿ.ಯಲ್ಲಿ ಹಾಯಿಸಿದರೆ ಸಾಕು, ಹನಿ ನೀರೂ ಪೋಲಾಗುವುದಿಲ್ಲ.

ಅತಿಥಿ ಬಾಟಲಿ ಕೇಳುವುದು ಅಪನಂಬಿಕೆಯಿಂದ. ಜಿಲ್ಲಾ ಪ್ರಯೋಗಾಲಯದ ಪರೀಕ್ಷಾ ವರದಿಯನ್ನು ಊಟದ ಪಡಸಾಲೆಯ ಗೋಡೆಗೆ ಹಾಕಿ, ಕೋಣೆಯಲ್ಲಿ ಮುಚ್ಚಳವಿರುವ ಸ್ಟೀಲ್ ಜಗ್ ಇಲ್ಲವೇ ಗಾಜಿನ ಬಾಟಲಿ ಇಟ್ಟು, ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರನ್ನೂ ಕೊಟ್ಟರೆ ಆ ಅಪನಂಬಿಕೆ ಕರಗುತ್ತದೆ.

ಅಡುಗೆಮನೆಯ ಕಸ

ಹಸು ಎಮ್ಮೆ ಇರುವ ಮನೆಯಲ್ಲಿ ಕಲಗಚ್ಚು ಅವಕ್ಕೇ ಹೋಗುತ್ತದೆ; ಅದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಯಾರೂ ಮಾರುವುದಿಲ್ಲ. ಪ್ಲಾಸ್ಟಿಕ್ಕು, ಹಲ್ಲುಕಡ್ಡಿ, ಟಿಶ್ಯೂ ಅದರಲ್ಲಿ ಸೇರದಂತೆ ಊಟದ ಮೇಜಿನ ಹತ್ತಿರವೇ ಬೇರೆ ಡಬ್ಬಿ ಇಡಬೇಕು. ದನಗಳಿರುವ ಮನೆ ಗೋಬರ್ ಗ್ಯಾಸನ್ನೂ ಯೋಚಿಸಬಹುದು: 2 ಘನಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅದರಿಂದ ಒಂದು ಕಿಲೋಗೆ ಸ್ವಲ್ಪ ಕಡಿಮೆ ಎಲ್.ಪಿ.ಜಿ.ಗೆ ಸಮನಾದ ಅನಿಲ ಸಿಗುತ್ತದೆ. ಸಗಣಿಯನ್ನು ಹೊರಗಿನಿಂದ ಕೊಂಡು ತಂದು ಇದನ್ನು ನಡೆಸುವುದು ಕಷ್ಟ. ದನಗಳಿಲ್ಲದವರಿಗೆ ಗುಂಡಿ ಗೊಬ್ಬರವೇ ಸರಿ. ಉಳಿದ ಅನ್ನವನ್ನು ಕೋತಿಗಳಿಗೆ ಹಾಕುವುದು, ನದಿಯ ದಡಕ್ಕೆ ಚೆಲ್ಲುವುದು ಎರಡೂ ಬೇಡ. ಕೋತಿ ಮನುಷ್ಯರ ಕೈಯಿಂದ ಕಸಿಯುವುದನ್ನು ಕಲಿಯುತ್ತದೆ. ದಡಕ್ಕೆ ಬೀದಿನಾಯಿಗಳು ಬಂದು ಸೇರಿದರೆ ನೀರುನಾಯಿಗೆ ಅಲ್ಲಿ ಉಳಿಗಾಲವಿಲ್ಲ. ತಟ್ಟೆಯ ವಿಷಯದಲ್ಲಿ ಚರ್ಚೆಯೇ ಬೇಡ: ನಿತ್ಯಕ್ಕೆ ಸ್ಟೀಲು, ಗುಂಪು ಬಂದಾಗ ಆನೆಗೊಂದಿಯ ತೋಟದ ಬಾಳೆ ಎಲೆ.

ಒಣ ಕಸವನ್ನು ಸುಡುವ ರೂಢಿ ಇನ್ನೂ ಇದೆ. ಗ್ರಾಮ ಪಂಚಾಯಿತಿಯ ಘನತ್ಯಾಜ್ಯ ಘಟಕವನ್ನು ಮಹಿಳಾ ಸ್ವಸಹಾಯ ಸಂಘಗಳು ನಡೆಸುವ ಕಡೆ, ಬೇರ್ಪಡಿಸಿದ ಒಣ ಕಸವನ್ನು ಅವರಿಗೆ ಕೊಟ್ಟು ನಿಗದಿತ ಶುಲ್ಕವನ್ನು ತಪ್ಪದೆ ಕೊಡುವುದು ಒಳ್ಳೆಯದು. ಐದಾರು ಮನೆಯವರು ಕೂಡಿದರೆ ಹೂಳು ಹೀರುವ ವಾಹನವನ್ನೂ ಒಂದೇ ದಿನಕ್ಕೆ ಕರೆಸಿ ಖರ್ಚು ಹಂಚಿಕೊಳ್ಳಬಹುದು.

ಪ್ರಮಾಣಪತ್ರ: ಯಾವುದು, ಯಾವಾಗ

ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಸ್ವಚ್ಛತಾ ಗ್ರೀನ್ ಲೀಫ್ ರೇಟಿಂಗ್ ವಸತಿ ಉದ್ಯಮಗಳಿಗೆ ಒಂದು, ಮೂರು, ಐದು ಎಲೆಗಳ ದರ್ಜೆ ಕೊಡುತ್ತದೆ. ಅದು ನೋಡುವುದು ಮಲತ್ಯಾಜ್ಯ, ಘನತ್ಯಾಜ್ಯ, ಬಚ್ಚಲು ನೀರು ಈ ಮೂರನ್ನು. ಇದೇ ಬರಹದಲ್ಲಿ ಶೌಚದ ನೀರು, ಅಡುಗೆಮನೆಯ ಕಸದ ಭಾಗಗಳಲ್ಲಿ ಹೇಳಿದ ಕೆಲಸಗಳನ್ನು ಮಾಡಿದ ಮನೆ ಅದಕ್ಕೆ ಬಹುಪಾಲು ಸಿದ್ಧವಾಗಿರುತ್ತದೆ. ಸಣ್ಣ ಹೋಂಸ್ಟೇಗೆ ನಾನು ಮೊದಲು ಸೂಚಿಸುವುದು ಇದನ್ನೇ. ಜಾಗತಿಕ ಸುಸ್ಥಿರ ಪ್ರವಾಸೋದ್ಯಮ ಮಂಡಳಿಯ, ಅಂದರೆ ಜಿ.ಎಸ್.ಟಿ.ಸಿ.ಯ ಮಾನದಂಡಗಳು ಇನ್ನೂ ವಿಶಾಲ: ನಿರ್ವಹಣೆ, ಸ್ಥಳೀಯರ ಬದುಕು, ಸಂಸ್ಕೃತಿ, ಪರಿಸರ ನಾಲ್ಕನ್ನೂ ಒಳಗೊಂಡಿವೆ. ಪ್ರಮಾಣಪತ್ರವನ್ನು ಆ ಮಂಡಳಿ ತಾನೇ ಕೊಡುವುದಿಲ್ಲ, ಅದರ ಮಾನ್ಯತೆ ಪಡೆದ ಸಂಸ್ಥೆಗಳು ತಪಾಸಣೆ ಮಾಡಿ ಶುಲ್ಕ ಪಡೆದು ಕೊಡುತ್ತವೆ. ವಿದೇಶಿ ಪ್ರವಾಸ ಸಂಸ್ಥೆಗಳ ಮೂಲಕ ಅತಿಥಿಗಳನ್ನು ಪಡೆಯುವ ದೊಡ್ಡ ರೆಸಾರ್ಟಿಗೆ ಆ ಖರ್ಚು ಸಾರ್ಥಕ. ನಾಲ್ಕು ಕೋಣೆಯವರು ಅದರ ಮಾನದಂಡಗಳನ್ನು ಓದಿಕೊಂಡು ಅನುಸರಿಸಿದರೆ ಸಾಕು, ಕಾಗದಕ್ಕೆ ಹಣ ಸುರಿಯಬೇಕಿಲ್ಲ. ಯಾರ ತಪಾಸಣೆಯೂ ಇಲ್ಲದೆ ತಾವೇ ಹಾಕಿಕೊಳ್ಳುವ 'ಇಕೋ' ಫಲಕ ಮಾತ್ರ ಯಾರಿಗೂ ಬೇಡ; ಅದು ಪ್ರಾಮಾಣಿಕವಾಗಿ ಕೆಲಸ ಮಾಡಿದ ಪಕ್ಕದ ಮನೆಯ ಹೆಸರನ್ನೂ ಕೆಡಿಸುತ್ತದೆ.

ಯಾವ ತಿಂಗಳಲ್ಲಿ ಏನು

ಅಗೆಯುವ, ಕಟ್ಟುವ ಕೆಲಸಗಳೆಲ್ಲ ಏಪ್ರಿಲ್–ಮೇ ತಿಂಗಳಲ್ಲಿ ಆಗಬೇಕು. ಆಗ ಕೋಣೆ ಖಾಲಿ, ನೆಲ ಒಣ. ಮಾಳಿಗೆಯ ಸುಣ್ಣ ಅದಕ್ಕೂ ಮೊದಲು, ಫೆಬ್ರುವರಿ ಕೊನೆಯಲ್ಲಿ. ಜಲ್ಲಿ ಹಾಸಿನ ಗಿಡಗಳನ್ನು ಮುಂಗಾರು ಶುರುವಾದಾಗ ನೆಟ್ಟರೆ ಅಕ್ಟೋಬರಿನ ಅತಿಥಿಗಳು ಬರುವಷ್ಟರಲ್ಲಿ ಬೇರು ಹಿಡಿದಿರುತ್ತವೆ. ಸೋಲಾರ್ ಹೀಟರನ್ನು ದಸರೆಯೊಳಗೆ ಹಾಕಿಸಿ, ಹಕ್ಕಳೆ ತೊಳೆಯುವ ಕೆಲಸವನ್ನು ಪ್ರತಿ ಬೇಸಿಗೆಗೆ ಇಟ್ಟುಕೊಳ್ಳಬೇಕು. ಇದೆಲ್ಲಕ್ಕೂ ಮೊದಲು, ಇಂದೇ, ಒಂದು ನೋಟ್‌ಬುಕ್ ತೆರೆದು ವಿದ್ಯುತ್ ಮೀಟರಿನ ಅಂಕಿ, ಟ್ಯಾಂಕ್ ತುಂಬಿಸಿದ ಸಲ, ಬಳಸಿದ ಸಿಲಿಂಡರ್, ಹೊರಗೆ ಹೋದ ಒಣ ಕಸದ ಚೀಲ, ಅಂದಿನ ಅತಿಥಿಗಳ ಸಂಖ್ಯೆ ಇವಿಷ್ಟನ್ನು ವಾರಕ್ಕೊಮ್ಮೆ ಬರೆಯಲು ಶುರು ಮಾಡಬೇಕು. ಆ ಪುಸ್ತಕ ಕನ್ನಡದಲ್ಲೇ ಇರಲಿ. ಕೋಣೆ ಗುಡಿಸುವವರು, ಅಡುಗೆಯವರು ತಾವೇ ಬರೆಯುವಂತೆ ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿರಲಿ. ಸಿದ್ಧ ಘಟಕ ಮಾರುವವರು ಬಂದಾಗ ಅವರ ಅಂದಾಜಿನ ಪಕ್ಕದಲ್ಲಿ ಇಟ್ಟು ನೋಡಲು ನಿಮ್ಮ ಮನೆಯದೇ ಲೆಕ್ಕ ಬೇಕಾಗುತ್ತದೆ.